ಅವರೆಯ ಹೂವೂ ಬೀದಿಯ ದೀಪವೂ

ಆಶ್ವಯುಜ, ಕಾರ್ತಿಕ ಮಾಸಗಳನ್ನು ಪಂಚಾಂಗವು ಶರದೃತುವೆಂದು ಕರೆಯುತ್ತದೆ. ಶೀತದೇಶಗಳಲ್ಲಿ ಈ ಕಾಲಕ್ಕೆ ಮರಗಳು ಎಲೆ ಉದುರಿಸಿ ಬರಿದಾಗುತ್ತವೆ. ವೈಟ್‌ಫೀಲ್ಡಿನ ಸುತ್ತ ಇನ್ನೂ ಉಳಿದುಕೊಂಡಿರುವ ಹಿತ್ತಲುಗಳಲ್ಲಿಯಾದರೋ ಅವರೆಯ ಬಳ್ಳಿ ಹೂವಿಗೆ ತೊಡಗುವುದೇ ಆಗ. ಮಳೆಗಾಲದಲ್ಲಿ ಬಿತ್ತಿದ ನಾಟಿ ಅವರೆಯು ತಿಂಗಳುಗಟ್ಟಲೆ ಬರಿಯ ಎಲೆಯನ್ನೇ ಬೆಳೆಸಿ, ಈಗ ಒಮ್ಮೆಗೇ ಹೂ ಬಿಡುವುದೇಕೆ?

ಕಾರಣ ಇರುಳಿನ ಉದ್ದದಲ್ಲಿದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಹ್ರಸ್ವ ಹಗಲು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ಅಂತರವನ್ನು ನಾವು ಲೆಕ್ಕಕ್ಕಿಡುವುದಿಲ್ಲ, ಅವರೆ ಇಡುತ್ತದೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಮೊದಲಾದ ಗಿಡಗಳಲ್ಲಿ ಈ ಗುಣವನ್ನು ಕಂಡು 1920ರಲ್ಲಿ ಪ್ರಕಟಿಸಿದರು. ಇಂಥ ಗಿಡಗಳು ಅಳೆಯುವುದು ವಾಸ್ತವವಾಗಿ ಹಗಲನ್ನಲ್ಲ, ಅಖಂಡವಾದ ಕತ್ತಲೆಯನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಹೀರಿ ರೂಪ ಬದಲಿಸುತ್ತದೆ. ಕತ್ತಲೆಯಲ್ಲಿ ಮೆಲ್ಲಗೆ ಮೊದಲಿನ ರೂಪಕ್ಕೆ ಮರಳುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಒಂದು ದೀರ್ಘ ಇರುಳು ಗಿಡದ ಪಾಲಿಗೆ ಎರಡು ಕಿರಿಯ ಇರುಳುಗಳಾಗುತ್ತದೆ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಆವರಣದ ದೀಪಗಳು ಬೆಳಗಿನವರೆಗೂ ಉರಿಯುತ್ತವೆ. ಬಿಳಿಯ ಎಲ್‌ಇಡಿ ದೀಪದಲ್ಲಿ ಕೆಂಪು ಕಿರಣಗಳೂ ಉಂಟು. ಕಂಬದ ಮಗ್ಗುಲಿನ ಬಳ್ಳಿ ಹಸಿರಾಗಿ ಹಬ್ಬಿಯೂ ಹೂ ಬಿಡಲು ತಡಮಾಡಿದರೆ ಮನೆಯವರು ಗೊಬ್ಬರವನ್ನು ದೂರುತ್ತಾರೆ. ದೀಪವನ್ನು ಸಂಶಯಿಸುವವರು ವಿರಳ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಕಂಬದ ಬಳಿಯ ಎರಡು ಬಳ್ಳಿಗಳಲ್ಲಿ ಒಂದಕ್ಕೆ ಸೆಪ್ಟೆಂಬರಿನಿಂದಲೇ ಸಂಜೆ ಆರಕ್ಕೆ ದಪ್ಪನೆಯ ಕಪ್ಪು ಬಟ್ಟೆ ಹೊದಿಸಿ, ಬೆಳಗ್ಗೆ ಆರಕ್ಕೆ ತೆಗೆಯಬೇಕು. ಎರಡರಲ್ಲೂ ಮೊದಲ ಹೂವಿನ ದಿನವನ್ನು ಗುರುತಿಸಿಕೊಳ್ಳಬೇಕು. ಬಟ್ಟೆ ಹೊದಿಸಲಾಗದವರು ಬಳ್ಳಿಯನ್ನು ದೂರದಲ್ಲಿ ನೆಡಲಿ: ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಲ್ಲಿ ಕೆಲವು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಆದರೂ ಮಾಗಿಯ ಸೊಗಡಿನ ಕಾಯಿಗೆ ಇರುವ ಮನ್ನಣೆಯೇ ಬೇರೆ. ಇಬ್ಬನಿಯಿಂದ ಸೊಗಡು ಬರುತ್ತದೆಂಬ ಮಾತನ್ನು ನಾನು ಹಾಗೆಯೇ ಒಪ್ಪಲಾರೆ. ಇಬ್ಬನಿಯು ಗಾಳಿಯ ಆವಿ ತಣ್ಣನೆಯ ಎಲೆಯ ಮೇಲೆ ಹನಿಗೂಡಿದ ನೀರಷ್ಟೆ. ಕೈಗೆ ಅಂಟುವ ಆ ಪರಿಮಳದ ಜಿಡ್ಡನ್ನು ಸ್ರವಿಸುವುದು ಕಾಯಿಯ ಸಿಪ್ಪೆಯೇ, ಅದರಲ್ಲಿ ಮೇದಾಮ್ಲಗಳಿವೆ.

ಇನ್ನು ಅಡುಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾದೀತೇ ಹೊರತು ಕಾಳು ಬೇಗ ಬೇಯದು. ಲೀಟರು ನೀರಿಗೆ ಹತ್ತು ಗ್ರಾಂ ಉಪ್ಪು ಹಾಕಿದರೂ ಕುದಿಬಿಂದು ಏರುವುದು ಡಿಗ್ರಿಯ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಹೆಚ್ಚುವುದರಿಂದ ಉಷ್ಣತೆ 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಒಣಗಿದ ಅವರೆಯನ್ನಂತೂ ನೆನೆಸಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಲೇಬೇಕು. ಬೇಯದ ಕಾಳಿನಲ್ಲಿ ಸೈನೈಡನ್ನು ಬಿಡಬಲ್ಲ ಸಂಯುಕ್ತಗಳಿವೆ.

ಹಿತುಕಿದ ಬೇಳೆಗೆ ಕುಕ್ಕರಿನ ಅವಸರ ಬೇಡ. ಎಳಸಲ್ಲದ ಹಸಿಕಾಳನ್ನು ರಾತ್ರಿ ನೆನೆಸಿದರೆ ಸಿಪ್ಪೆ ಸಡಿಲಗೊಂಡು, ಬೆರಳಲ್ಲಿ ಹಿತುಕಿದೊಡನೆ ಬೇಳೆ ಜಾರಿ ಹೊರಬರುತ್ತದೆ. ತಡೆಯಾಗಿದ್ದ ಸಿಪ್ಪೆ ಹೋದುದರಿಂದ ನೀರೂ ಶಾಖವೂ ಬೇಗ ಒಳಹೊಕ್ಕು, ತೆರೆದ ಪಾತ್ರೆಯಲ್ಲಿಯೇ ಅದು ಬೆಣ್ಣೆಯಂತೆ ಬೇಯುತ್ತದೆ. ಆಮೇಲೆ ತೆಂಗಿನಕಾಯಿ, ಕೊತ್ತಂಬರಿಗಳ ಮಸಾಲೆ ಕೂಡಿಸಿ ಕುದಿಸಿದರೆ ಸಾರು ಸಿದ್ಧ. ಜೊತೆಗೆ ಬಿಸಿ ರಾಗಿಮುದ್ದೆ.