ಪೀಕ್ ಅವಧಿಯ ವಿದ್ಯುತ್ತು: ಅನಿಲ ಟರ್ಬೈನು ಜನರೇಟರಿನ ಕಾರ್ಯವಿಧಾನ ಮತ್ತು ಉದ್ದಿಮೆದಾರರ ಲೆಕ್ಕಾಚಾರ

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಲಾದ ಬಸವಸಾಗರ ಜಲಾಶಯವು ಸುರಪುರ, ಶಹಾಪುರ ಹಾಗೂ ಹುಣಸಗಿ ಭಾಗದ ಕೃಷಿಯ ಸ್ವರೂಪವನ್ನೇ ಬದಲಿಸಿದೆ. ಕಾಲುವೆಯ ನೀರು ಹರಿದ ಕಡೆಗಳಲ್ಲೆಲ್ಲ ಭತ್ತ, ಹತ್ತಿ, ತೊಗರಿಯ ವ್ಯಾಪಾರ ಬೆಳೆದಿದೆ. ಅದರ ಬೆನ್ನಿಗೆ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಬೇಳೆ ಮಿಲ್ಲುಗಳು ತಲೆಯೆತ್ತಿವೆ. ಈ ಎಲ್ಲ ಉದ್ದಿಮೆಗಳಿಗೂ ಸಮಾನವಾದ ಒಂದು ಚಿಂತೆಯೆಂದರೆ ಸಂಜೆಯ ವೇಳೆಯ ವಿದ್ಯುತ್ತು. ಹೊತ್ತು ಮುಳುಗಿದ ನಂತರದ ನಾಲ್ಕು ತಾಸುಗಳಲ್ಲಿ ವಿದ್ಯುತ್ತು ದುಬಾರಿಯಾಗುವುದೇಕೆ? ಆ ಅವಧಿಗೆಂದೇ ನಿರ್ಮಿಸಲಾಗುವ ಅನಿಲ ಟರ್ಬೈನು ಜನರೇಟರು ಹೇಗೆ ಕೆಲಸ ಮಾಡುತ್ತದೆ? ಅದರ ವೆಚ್ಚ ಕಟ್ಟಕಡೆಗೆ ಯಾರ ಬಿಲ್ಲಿಗೆ ಬರುತ್ತದೆ? ಈ ಪ್ರಶ್ನೆಗಳನ್ನು ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಅರಿತುಕೊಳ್ಳುವುದು ಲಾಭದಾಯಕವಾಗಿದೆ.

ಗರಿಷ್ಠ ಬೇಡಿಕೆ ಎಂದರೇನು?

ವಿದ್ಯುತ್ತು ಉಳಿದ ಸರಕುಗಳಂತಲ್ಲ. ತೊಗರಿಯನ್ನು ಉಗ್ರಾಣದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ವಿದ್ಯುತ್ತನ್ನಾದರೋ ಜಾಲದಲ್ಲಿ ಕೂಡಿಡಲಾಗದು. ಬೇಡಿಕೆ ಎಷ್ಟಿದೆಯೋ ಅಷ್ಟನ್ನೇ ಆ ಕ್ಷಣದಲ್ಲಿ ಉತ್ಪಾದಿಸಬೇಕು. ಬೇಡಿಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಜಾಲದ ಆವರ್ತನವು 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ. ಅದು ಮಿತಿ ಮೀರಿದರೆ ಫೀಡರುಗಳನ್ನು ಕಡಿತಗೊಳಿಸದೆ ಗತ್ಯಂತರವಿಲ್ಲ.

ಕರ್ನಾಟಕದ ಗರಿಷ್ಠ ಬೇಡಿಕೆಯು 2024ರ ಬೇಸಿಗೆಯಲ್ಲಿ 17,000 ಮೆಗಾವಾಟ್ ದಾಟಿತು. ಇದರಲ್ಲಿ ಹಗಲಿನ ಪಾಲನ್ನು ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂತಹ ಮೂಲಗಳು ಸಾಕಷ್ಟು ಹಗುರಗೊಳಿಸಿವೆ. ಆದರೆ ಸೂರ್ಯಾಸ್ತದೊಡನೆ ಸೌರ ವಿದ್ಯುತ್ತು ನಿಂತುಹೋಗುತ್ತದೆ; ಅದೇ ಸಮಯಕ್ಕೆ ಮನೆ, ಅಂಗಡಿ, ಬೀದಿಗಳ ದೀಪಗಳು ಬೆಳಗುತ್ತವೆ. ಒಂದು ತಾಸಿನೊಳಗೆ ಸಾವಿರಾರು ಮೆಗಾವಾಟ್ ಹೊರೆಯನ್ನು ಬೇರೆ ಮೂಲಗಳು ಹೊರಬೇಕಾಗುತ್ತದೆ.

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಂತಹ ಕಲ್ಲಿದ್ದಲು ಸ್ಥಾವರಗಳು ಎಡೆಬಿಡದೆ ಓಡುವುದಕ್ಕೆ ಹೇಳಿಮಾಡಿಸಿದವು. ತಣ್ಣಗಾದ ಬಾಯ್ಲರನ್ನು ಮತ್ತೆ ಕಾಯಿಸಿ ಪೂರ್ಣ ಉತ್ಪಾದನೆಗೆ ತರಲು ಹಲವು ತಾಸುಗಳೇ ಬೇಕು. ಜಲವಿದ್ಯುತ್ ಘಟಕಗಳು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತವೆ. ಶರಾವತಿ, ವಾರಾಹಿ ಕೇಂದ್ರಗಳು ಪೀಕ್ ಅವಧಿಯಲ್ಲಿ ರಾಜ್ಯದ ಕೈಹಿಡಿಯುವುದು ಇದರಿಂದಲೇ. ಆದರೆ ಕೃಷ್ಣೆಯ ನೀರಿಗೆ ಮೊದಲ ಹಕ್ಕು ನೀರಾವರಿಯದು. ಆಲಮಟ್ಟಿಯ 290 ಮೆಗಾವಾಟ್ ವಿದ್ಯುದಾಗಾರ ಮಳೆಗಾಲದಲ್ಲಿ ಭರ್ತಿಯಾಗಿ ಓಡಿದರೂ, ಬೇಡಿಕೆ ಏರುವ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ನೀರಿನ ಅಭಾವ ಅದನ್ನು ಕಟ್ಟಿಹಾಕುತ್ತದೆ. ಈ ತೆರವನ್ನು ತುಂಬಲು ಜಗತ್ತಿನ ಅನೇಕ ದೇಶಗಳು ಬಳಸುವ ಸಾಧನವೇ ಅನಿಲ ಟರ್ಬೈನು.

ಯಂತ್ರದ ಕಾರ್ಯವಿಧಾನ

ಅನಿಲ ಟರ್ಬೈನಿನಲ್ಲಿ ಮೂರು ಮುಖ್ಯ ಭಾಗಗಳಿವೆ: ಕಂಪ್ರೆಸರ್, ದಹನ ಕೋಶ ಮತ್ತು ಟರ್ಬೈನು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು ಎಂಬ ನಾಲ್ಕು ಕ್ರಿಯೆಗಳು ಒಂದೇ ಸಿಲಿಂಡರಿನಲ್ಲಿ ಒಂದಾದ ಮೇಲೊಂದರಂತೆ ನಡೆಯುತ್ತವೆ. ಟರ್ಬೈನಿನಲ್ಲಿ ಅವೇ ಕ್ರಿಯೆಗಳು ಬೇರೆ ಬೇರೆ ಸ್ಥಳಗಳಲ್ಲಿ ಏಕಕಾಲಕ್ಕೆ, ನಿರಂತರವಾಗಿ ನಡೆಯುತ್ತವೆ.

ಮೊದಲಿಗೆ ಹೊರಗಿನ ಗಾಳಿಯು ಶೋಧಕಗಳ ಮೂಲಕ ಒಳಸೇರುತ್ತದೆ. ಸಾಲುಸಾಲಾಗಿ ಜೋಡಿಸಿದ ಅಲಗುಗಳುಳ್ಳ ಕಂಪ್ರೆಸರ್ ಅದನ್ನು ಹಂತಹಂತವಾಗಿ ಒತ್ತುತ್ತದೆ. ವಿಮಾನದ ಎಂಜಿನ್ನಿನಿಂದ ರೂಪುಗೊಂಡ ಯಂತ್ರಗಳಲ್ಲಿ ಈ ಒತ್ತಡ ವಾತಾವರಣದ ಒತ್ತಡದ ಸುಮಾರು ಮೂವತ್ತು ಪಟ್ಟಿನವರೆಗೆ ಏರುತ್ತದೆ. ಒತ್ತಲ್ಪಟ್ಟು ಬಿಸಿಯಾದ ಗಾಳಿ ದಹನ ಕೋಶವನ್ನು ಸೇರಿದಾಗ ಅಲ್ಲಿ ಅನಿಲವನ್ನು ಸಿಂಪಡಿಸಿ ಉರಿಸಲಾಗುತ್ತದೆ. ಉಷ್ಣತೆಯು 1,200 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಹಿಗ್ಗಿದ ಬಿಸಿ ಅನಿಲವು ಟರ್ಬೈನಿನ ಅಲಗುಗಳ ಮೇಲೆ ರಭಸದಿಂದ ಹಾಯ್ದು ದಂಡವನ್ನು ತಿರುಗಿಸುತ್ತದೆ. ಇಷ್ಟು ಉಷ್ಣತೆಯಲ್ಲಿ ಅಲಗುಗಳು ಕರಗದಿರಲು ನಿಕಲ್ ಮಿಶ್ರಲೋಹವನ್ನು ಬಳಸಿ, ಅಲಗಿನ ಒಳಗೇ ಕೊರೆದ ಸಣ್ಣ ರಂಧ್ರಗಳಲ್ಲಿ ತಂಪು ಗಾಳಿಯನ್ನು ಹಾಯಿಸಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟರ್ಬೈನು ಉತ್ಪಾದಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ತನ್ನದೇ ಕಂಪ್ರೆಸರನ್ನು ತಿರುಗಿಸಲು ವ್ಯಯವಾಗುತ್ತದೆ. ಉಳಿದ ಭಾಗ ಮಾತ್ರ ಜನರೇಟರಿಗೆ ದೊರೆಯುತ್ತದೆ. ನಿಂತ ಯಂತ್ರವು ತಾನಾಗಿ ಚಾಲನೆಗೊಳ್ಳಲಾರದು ಎಂಬುದಕ್ಕೂ ಇದೇ ಕಾರಣ. ಮೊದಲು ಸ್ಟಾರ್ಟರ್ ಮೋಟಾರು ಅಥವಾ ಬೇರೆ ಸಾಧನದಿಂದ ದಂಡವನ್ನು ತಿರುಗಿಸಿ, ಸಾಕಷ್ಟು ವೇಗ ಬಂದ ಮೇಲೆ ಇಂಧನ ಹಚ್ಚಬೇಕು.

ವೇಗ ಸ್ಥಿರಗೊಂಡ ಬಳಿಕ ಜನರೇಟರನ್ನು ಜಾಲಕ್ಕೆ ಜೋಡಿಸಲಾಗುತ್ತದೆ. ಇದಕ್ಕೆ ವೋಲ್ಟೇಜ್, ಆವರ್ತನ ಹಾಗೂ ಫೇಸುಗಳ ಕ್ರಮ ಮತ್ತು ಕೋನ ಜಾಲದೊಡನೆ ಹೊಂದಿಕೆಯಾಗಬೇಕು. ಎರಡು ಧ್ರುವಗಳ ಜನರೇಟರು 50 ಹರ್ಟ್ಸ್ ನೀಡಲು ನಿಮಿಷಕ್ಕೆ 3,000 ಸುತ್ತು ತಿರುಗಬೇಕು. ದೊಡ್ಡ ಯಂತ್ರಗಳು ಇದೇ ವೇಗದಲ್ಲಿ ಓಡುತ್ತವೆ; ಹೆಚ್ಚು ವೇಗದಲ್ಲಿ ತಿರುಗುವ ಸಣ್ಣ ಯಂತ್ರಗಳಿಗೆ ನಡುವೆ ಗೇರ್ ಪೆಟ್ಟಿಗೆ ಅಳವಡಿಸಲಾಗುತ್ತದೆ. ವಿಮಾನ ಎಂಜಿನ್ ಮೂಲದ ಘಟಕವೊಂದು ಗುಂಡಿ ಒತ್ತಿದ ಸುಮಾರು ಹತ್ತು ನಿಮಿಷಗಳಲ್ಲಿ ಪೂರ್ಣ ಹೊರೆಗೆ ಬರಬಲ್ಲದು. ಪೀಕ್ ಅವಧಿಗೆ ಇದು ಒಪ್ಪುವುದು ಈ ಗುಣದಿಂದಾಗಿ.

ಜಾಲಕ್ಕೆ ಸೇರಿದ ಯಂತ್ರವನ್ನು ಗವರ್ನರ್ ನಿಯಂತ್ರಿಸುತ್ತದೆ. ಉದಾಹರಣೆಗೆ, 40 ಮೆಗಾವಾಟ್ ಯಂತ್ರದ ಗವರ್ನರನ್ನು ಶೇ. 4ರ ಇಳಿಕೆಗೆ ಹೊಂದಿಸಲಾಗಿದೆ ಎಂದಿಟ್ಟುಕೊಳ್ಳೋಣ. 50 ಹರ್ಟ್ಸ್‌ನ ಶೇ. 4 ಎಂದರೆ 2 ಹರ್ಟ್ಸ್. ಆವರ್ತನವು 0.2 ಹರ್ಟ್ಸ್ ಕುಸಿದರೆ ಅದು ಈ ವ್ಯಾಪ್ತಿಯ ಹತ್ತನೇ ಒಂದು ಭಾಗ. ಆಗ ಗವರ್ನರ್ ಇಂಧನವನ್ನು ಹೆಚ್ಚಿಸಿ 4 ಮೆಗಾವಾಟ್ ಉತ್ಪಾದನೆಯನ್ನು ಏರಿಸುತ್ತದೆ.

ಬಿಸಿಲು ಮತ್ತು ಯಂತ್ರದ ಸಾಮರ್ಥ್ಯ

ತಯಾರಕರು ಯಂತ್ರದ ಫಲಕದ ಮೇಲೆ ನಮೂದಿಸುವ ಸಾಮರ್ಥ್ಯವು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಸಮುದ್ರಮಟ್ಟದ ಒತ್ತಡಕ್ಕೆ ಅನ್ವಯಿಸುತ್ತದೆ. ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಬಿಸಿ ಗಾಳಿ ತೆಳುವಾಗಿರುವುದರಿಂದ ಪ್ರತಿ ಸುತ್ತಿಗೆ ಒಳಸೇರುವ ಗಾಳಿಯ ತೂಕ ಇಳಿಯುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಉತ್ಪಾದನೆಯು ಯಂತ್ರದ ಮಾದರಿಗೆ ತಕ್ಕಂತೆ ಸುಮಾರು ಶೇ. 5ರಿಂದ 10ರಷ್ಟು ಕುಗ್ಗುತ್ತದೆ. ನಾರಾಯಣಪುರ ಜಲಾಶಯದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 492 ಮೀಟರ್ ಎತ್ತರದಲ್ಲಿದೆ. ಈ ಎತ್ತರದಿಂದ ಮತ್ತೆ ಸುಮಾರು ಶೇ. 5 ನಷ್ಟವಾಗುತ್ತದೆ. ಹೀಗಾಗಿ ಬೇಡಿಕೆ ಅತಿ ಹೆಚ್ಚಿರುವ ಬೇಸಿಗೆಯಲ್ಲೇ ಯಂತ್ರದ ಶಕ್ತಿ ಅತಿ ಕಡಿಮೆಯಾಗಿರುತ್ತದೆ. ಒಳಸೇರುವ ಗಾಳಿಯನ್ನು ನೀರಿನ ಆವಿಯಾಗುವಿಕೆಯಿಂದ ತಂಪುಗೊಳಿಸುವುದು ಇದಕ್ಕೆ ಪರಿಹಾರ. ಒಣಹವೆಯ ಪ್ರದೇಶದಲ್ಲಿ ಈ ವಿಧಾನ ಚೆನ್ನಾಗಿ ಫಲಿಸುತ್ತದೆ. ಹತ್ತಿಯ ಎಳೆ, ಹೊಟ್ಟು, ಧೂಳು ತುಂಬಿದ ಗಾಳಿಗೆ ಶೋಧಕಗಳ ನಿರ್ವಹಣೆಯೂ ಅಷ್ಟೇ ಮುಖ್ಯ.

ರಾಜ್ಯದ ಅನುಭವ

ಕರ್ನಾಟಕದಲ್ಲಿ ಈ ತಂತ್ರಜ್ಞಾನ ಹೊಸದಲ್ಲ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಜಿಎಂಆರ್ ಸಮೂಹವು 2001ರಲ್ಲಿ 220 ಮೆಗಾವಾಟ್ ಸಾಮರ್ಥ್ಯದ ತೇಲುವ ಸ್ಥಾವರವನ್ನು ಆರಂಭಿಸಿತು. ಬಾರ್ಜಿನ ಮೇಲೆ ಅಳವಡಿಸಿದ ಅದರ ಟರ್ಬೈನುಗಳು ನಾಫ್ತಾ ಇಂಧನದಿಂದ ಓಡುತ್ತಿದ್ದವು. ನಾಫ್ತಾ ದುಬಾರಿ ಇಂಧನ. ರಾಜ್ಯದೊಡನೆ ಇದ್ದ ವಿದ್ಯುತ್ ಖರೀದಿ ಒಪ್ಪಂದ ಮುಗಿದ ನಂತರ, 2010ರಲ್ಲಿ ಸ್ಥಾವರವನ್ನು ಆಂಧ್ರಪ್ರದೇಶದ ಕಾಕಿನಾಡಕ್ಕೆ ಸಾಗಿಸಿ ನೈಸರ್ಗಿಕ ಅನಿಲಕ್ಕೆ ಪರಿವರ್ತಿಸಲಾಯಿತು. ಅಲ್ಲಿಯೂ ಮುಂದೆ ಅನಿಲದ ಕೊರತೆ ಎದುರಾಯಿತು. ಯಂತ್ರ ಎಷ್ಟೇ ಉತ್ತಮವಾಗಿರಲಿ, ಇಂಧನದ ದರ ಮತ್ತು ಲಭ್ಯತೆಯೇ ಸ್ಥಾವರದ ಭವಿಷ್ಯವನ್ನು ನಿರ್ಧರಿಸುತ್ತದೆ ಎಂಬ ಪಾಠವನ್ನು ಇದರಿಂದ ಕಲಿಯಬಹುದು.

ಎರಡನೆಯ ನಿದರ್ಶನ ಬೆಂಗಳೂರಿನ ಯಲಹಂಕದ್ದು. ಹಿಂದೆ ಡೀಸೆಲ್ ವಿದ್ಯುತ್ ಸ್ಥಾವರವಿದ್ದ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 370 ಮೆಗಾವಾಟ್ ಅನಿಲ ಸ್ಥಾವರವನ್ನು ನಿರ್ಮಿಸಿದ್ದು, ಅದು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಇದು ಸಂಯುಕ್ತ ಆವರ್ತದ ಸ್ಥಾವರ. ಅನಿಲ ಟರ್ಬೈನು ಸುಮಾರು 237 ಮೆಗಾವಾಟ್ ನೀಡುತ್ತದೆ; ಅದರಿಂದ ಹೊರಬೀಳುವ ಬಿಸಿ ಅನಿಲದಿಂದಲೇ ಉಗಿ ತಯಾರಿಸಿ, ಉಗಿ ಟರ್ಬೈನಿನಿಂದ ಮತ್ತೆ ಸುಮಾರು 133 ಮೆಗಾವಾಟ್ ಪಡೆಯಲಾಗುತ್ತದೆ. ಇಂಧನದ ಉಳಿತಾಯ ಇದರ ಲಾಭ. ಆದರೆ ಉಗಿಯ ಭಾಗವು ಕಾದು ಸಿದ್ಧವಾಗಲು ಹೆಚ್ಚು ಸಮಯ ಬೇಕಾಗುವುದರಿಂದ, ಅಲ್ಪಾವಧಿಯ ಪೀಕ್ ಸೇವೆಗೆ ಒಂಟಿ ಟರ್ಬೈನಿನಷ್ಟು ಚುರುಕು ಇದಕ್ಕಿರುವುದಿಲ್ಲ.

ನಾರಾಯಣಪುರದ ಆಸುಪಾಸಿನಲ್ಲಿ ಇಂತಹ ಘಟಕ ಸಾಧ್ಯವೇ ಎಂಬ ಪ್ರಶ್ನೆ ಸಹಜ. ನೀರಿದೆ, ಜಾಗವಿದೆ. ಆದರೆ 2013ರಲ್ಲಿ ಕಾರ್ಯಾರಂಭ ಮಾಡಿದ ದಾಭೋಳ–ಬೆಂಗಳೂರು ಅನಿಲ ಕೊಳವೆಮಾರ್ಗವು ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮಾರ್ಗವಾಗಿ ಸಾಗುತ್ತದೆ. ಯಾದಗಿರಿ ಜಿಲ್ಲೆ ಅದರಿಂದ ದೂರ. ಕೊಳವೆಯಿಲ್ಲದ ಕಡೆ ಟರ್ಬೈನು ಕಟ್ಟುವುದು ಕಾಲುವೆಯಿಲ್ಲದ ಹೊಲದಲ್ಲಿ ಭತ್ತ ನಾಟಿ ಮಾಡಿದಂತೆ.

ವೆಚ್ಚದ ಲೆಕ್ಕ

ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲರಿ ಶಾಖಕ್ಕೆ ಸಮ. ಒಂಟಿ ಟರ್ಬೈನಿನ ದಕ್ಷತೆ ಶೇ. 38 ಎಂದು ಹಿಡಿದರೆ, ಒಂದು ಯೂನಿಟ್ಟಿಗೆ ಸುಮಾರು 2,263 ಕಿಲೋಕ್ಯಾಲರಿ ಬೇಕು. ಒಂದು ಘನಮೀಟರ್ ನೈಸರ್ಗಿಕ ಅನಿಲದಲ್ಲಿ ಸುಮಾರು 8,700 ಕಿಲೋಕ್ಯಾಲರಿ ಇರುತ್ತದೆಂದರೆ, ಯೂನಿಟ್ಟಿಗೆ 0.26 ಘನಮೀಟರ್ ಸಾಕು. ಅನಿಲದ ದರ ಘನಮೀಟರಿಗೆ ರೂ. 40 ಎಂದು ಭಾವಿಸಿದರೆ ಇಂಧನ ವೆಚ್ಚವೇ ರೂ. 10.40 ಆಗುತ್ತದೆ.

ಇದಕ್ಕೆ ಬಂಡವಾಳದ ವೆಚ್ಚವನ್ನು ಕೂಡಿಸಬೇಕು. ಒಂದು ಮೆಗಾವಾಟ್ ಸಾಮರ್ಥ್ಯಕ್ಕೆ ಬಡ್ಡಿ, ಸವಕಳಿ, ಸಿಬ್ಬಂದಿ ಸೇರಿ ವರ್ಷಕ್ಕೆ ರೂ. 75 ಲಕ್ಷ ಸ್ಥಿರ ವೆಚ್ಚವೆಂದು ಭಾವಿಸೋಣ. ಘಟಕವು ವರ್ಷಕ್ಕೆ 7,000 ತಾಸು ಓಡಿದರೆ 70 ಲಕ್ಷ ಯೂನಿಟ್ ಉತ್ಪಾದನೆಯಾಗಿ, ಯೂನಿಟ್ಟಿಗೆ ರೂ. 1.07 ಮಾತ್ರ ತಗಲುತ್ತದೆ. ದಿನಕ್ಕೆ 4 ತಾಸಿನಂತೆ 300 ದಿನ ಓಡಿದರೆ 12 ಲಕ್ಷ ಯೂನಿಟ್ಟಿಗೆ ತಲಾ ರೂ. 6.25 ಬೀಳುತ್ತದೆ. ಎಲ್ಲ ಸೇರಿ ಪೀಕ್ ಅವಧಿಯ ಒಂದು ಯೂನಿಟ್ಟು ರೂ. 16.65 ಆಗುತ್ತದೆ. ಪೀಕ್ ವಿದ್ಯುತ್ತು ದುಬಾರಿಯಾಗುವ ಗುಟ್ಟು ಇದೇ: ಯಂತ್ರ ದುಡಿಯುವ ತಾಸು ಕಡಿಮೆ, ಅದರ ಬಾಡಿಗೆ ಮಾತ್ರ ವರ್ಷವಿಡೀ. ಈ ವೆಚ್ಚವನ್ನು ವಿತರಣಾ ಕಂಪನಿಗಳು ತಮ್ಮ ಒಟ್ಟು ಖರೀದಿ ವೆಚ್ಚಕ್ಕೆ ಸೇರಿಸುವುದರಿಂದ, ಜೆಸ್ಕಾಂ ಗ್ರಾಹಕರೂ ಸೇರಿದಂತೆ ಎಲ್ಲರ ಬಿಲ್ಲಿನಲ್ಲಿ ಅದು ಹಂಚಿಹೋಗುತ್ತದೆ.

ಉದ್ದಿಮೆದಾರರು ಅರಿಯಬೇಕಾದುದು

ಕೇಂದ್ರ ಸರಕಾರವು 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, 10 ಕಿಲೋವಾಟ್‌ಗಿಂತ ಹೆಚ್ಚಿನ ಗರಿಷ್ಠ ಬೇಡಿಕೆಯ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ದಿನದ ವೇಳೆಗೆ ತಕ್ಕ ದರವನ್ನು ವಿಧಿಸಲು ಸೂಚಿಸಿತು. ಅದರಂತೆ ಪೀಕ್ ಅವಧಿಯ ದರವು ಸಾಮಾನ್ಯ ದರದ 1.20 ಪಟ್ಟಿಗಿಂತ ಕಡಿಮೆಯಿರಬಾರದು. ಸೌರ ವೇಳೆಯ ದರವು ಸಾಮಾನ್ಯಕ್ಕಿಂತ ಕನಿಷ್ಠ ಶೇ. 20 ಕಡಿಮೆಯಿರಬೇಕು. ವೇಳೆ ಮತ್ತು ದರಗಳನ್ನು ನಿಗದಿಪಡಿಸುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದ್ದರಿಂದ ತಮಗೆ ಅನ್ವಯಿಸುವ ಪ್ರವರ್ಗದ ಆದೇಶವನ್ನು ಪ್ರತಿಯೊಬ್ಬ ಉದ್ದಿಮೆದಾರರೂ ಪರಿಶೀಲಿಸಬೇಕು.

ಈ ಸೂತ್ರವನ್ನೇ ಹಿಡಿದು ಒಂದು ಬೇಳೆ ಮಿಲ್ಲಿನ ಲೆಕ್ಕ ನೋಡಬಹುದು. 100 ಅಶ್ವಶಕ್ತಿ ಹೊರೆಯ ಮಿಲ್ಲು ತಾಸಿಗೆ ಸುಮಾರು 75 ಯೂನಿಟ್, ನಾಲ್ಕು ತಾಸಿಗೆ 300 ಯೂನಿಟ್ ಬಳಸುತ್ತದೆ. ಸಾಮಾನ್ಯ ದರ ರೂ. 7 ಎಂದಾದರೆ ಪೀಕ್ ದರ ರೂ. 8.40, ಸೌರ ವೇಳೆಯ ದರ ರೂ. 5.60. ಅದೇ ನಾಲ್ಕು ತಾಸಿನ ಕೆಲಸಕ್ಕೆ ಸಂಜೆ ರೂ. 2,520, ಹಗಲು ರೂ. 1,680. ದಿನಕ್ಕೆ ರೂ. 840ರಂತೆ, ತಿಂಗಳಿಗೆ 25 ದಿನಕ್ಕೆ ರೂ. 21,000 ಉಳಿಯುತ್ತದೆ. ಪೀಕ್ ದರಕ್ಕೆ ಬೇಸತ್ತು ಡೀಸೆಲ್ ಜನರೇಟರು ಹಚ್ಚಿದರೆ ಏನಾಗುತ್ತದೆ? ಲೀಟರಿಗೆ 3.5 ಯೂನಿಟ್ ದೊರೆತು, ಡೀಸೆಲ್ ಲೀಟರಿಗೆ ರೂ. 90 ಎಂದರೆ, ಯೂನಿಟ್ಟಿಗೆ ರೂ. 25.70 ಆಗುತ್ತದೆ. ಅವೇ 300 ಯೂನಿಟ್ಟಿಗೆ ಸುಮಾರು ರೂ. 7,700 ಡೀಸೆಲ್ಲಿಗೇ ಸಲ್ಲುತ್ತದೆ. ಜನರೇಟರು ವಿದ್ಯುತ್ ಕಡಿತದ ಆಪತ್ತಿಗೆ ಮಾತ್ರ. ದರದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲ.

ಆದುದರಿಂದ ಗಿರಣಿಯ ಯಾವ ಯಂತ್ರವನ್ನು ಹಗಲಿಗೆ ಸರಿಸಬಹುದು, ಯಾವುದನ್ನು ಸರಿಸಲಾಗದು ಎಂಬುದನ್ನು ಪಟ್ಟಿ ಮಾಡುವುದು ಮೊದಲ ಹೆಜ್ಜೆ. ಕಾಳು ಸ್ವಚ್ಛಗೊಳಿಸುವಿಕೆ, ಅಕ್ಕಿಯ ಪಾಲಿಶ್, ನೀರೆತ್ತುವ ಪಂಪುಗಳನ್ನು ಬಹುಮಟ್ಟಿಗೆ ಹಗಲಿಗೆ ಸರಿಸಬಹುದು. ಕುದಿಸಿದ ಭತ್ತವನ್ನು ಒಣಗಿಸುವಂತಹ ನಡುವೆ ನಿಲ್ಲಿಸಲಾಗದ ಕೆಲಸಗಳಿಗೆ ಮಾತ್ರ ಸಂಜೆಯ ದರವನ್ನು ತೆರಬೇಕು. ಮಿಲ್ಲಿನವರು ಸಂಜೆ ಬಳಸದೆ ಉಳಿಸಿದ ಪ್ರತಿ ಮೆಗಾವಾಟ್ ಹೊರೆಯೂ, ಹತ್ತು ನಿಮಿಷದಲ್ಲಿ ಚಾಲನೆಗೊಳ್ಳುವ ಟರ್ಬೈನಿನ ಒಂದು ಮೆಗಾವಾಟ್ ಉತ್ಪಾದನೆಗೆ ಸಮನಾದುದು. ವ್ಯತ್ಯಾಸವೆಂದರೆ, ಮೊದಲನೆಯದರ ಲಾಭ ನೇರವಾಗಿ ಮಿಲ್ಲಿನ ಖಾತೆಗೆ ಜಮೆಯಾಗುತ್ತದೆ.