ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಬೇಕು

ಮನೆಯಲ್ಲಿ ಕೂತು ಎಲೆಕ್ಟ್ರಾನಿಕ್ಸ್ ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಕೆಲಸ ಇದು: ಮಾಳಿಗೆ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಸಂಪಿನ ಮೋಟರ್ ತಾನಾಗಿ ಆಫ್ ಆಗಬೇಕು. ಎರಡು ದಾರಿಗಳಿವೆ. ಒಂದು, ನೀರಿನಲ್ಲಿ ತೇಲುವ ಫ್ಲೋಟ್ ಸ್ವಿಚ್. ಇನ್ನೊಂದು, ಅಲ್ಟ್ರಾಸಾನಿಕ್ ಸೆನ್ಸರ್, ವೈಫೈ ಬೋರ್ಡ್, ರಿಲೇ, ಮೊಬೈಲ್ ಆ್ಯಪ್. ಎರಡನ್ನೂ ಕಟ್ಟಿದ್ದೇನೆ, ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಆ ಕೆಲಸ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಅಂಗಡಿಗೆ ಹೋಗುವ ಮುಂಚೆ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.
'ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಬೇಕು.' ನಿಮ್ಮ ವಾಕ್ಯ ಇಷ್ಟೇ ಆಗಿದ್ದರೆ ಫ್ಲೋಟ್ ಸ್ವಿಚ್ ಸಾಕು. ಪ್ಲಾಸ್ಟಿಕ್ ಬುರುಡೆಯೊಳಗೆ ಒಂದು ಲೋಹದ ಗುಂಡು. ನೀರು ಏರಿ ಬುರುಡೆ ವಾಲಿದರೆ ಗುಂಡು ಉರುಳಿ ಸ್ವಿಚ್ ಒತ್ತುತ್ತದೆ. 'ಊರಿನ ಮನೆ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಬೆಂಗಳೂರಿನಲ್ಲಿ ಕೂತು ನೋಡಬೇಕು' ಎಂಬುದು ಬೇರೆಯದೇ ವಾಕ್ಯ. ಅದಕ್ಕೆ ವೈಫೈ ಬೋರ್ಡಿನಂಥದ್ದು ಬೇಕೇ ಬೇಕು. ವಾಕ್ಯ ಜೇಬಿನಲ್ಲಿಲ್ಲದೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿಗೆ ಹೋದರೆ ಕಂಡ ಬೋರ್ಡೆಲ್ಲ ಚೀಲ ಸೇರುತ್ತದೆ.

2. ಮೊದಲ ಸರ್ಕ್ಯೂಟಿನ ಪ್ರತಿ ಭಾಗದ ಮೇಲೆ ಬೆರಳಿಟ್ಟು 'ಇದು ಯಾಕಿದೆ' ಅಂತ ಹೇಳಲು ಬರಬೇಕು.
ಮೋಟರ್ ತಂಟೆಗೆ ಹೋಗುವ ಮುಂಚೆ ಬರೀ ಬಜರ್ ಕೂಗಿಸಿ. ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟ್, ಒಂದು ಬಿಸಿ547 ಟ್ರಾನ್ಸಿಸ್ಟರ್, ಅದರ ಬೇಸ್ ಕಾಲಿಗೆ ಒಂದು ರೆಸಿಸ್ಟರ್, ಬಜರ್, ನೀರಿಗೆ ಇಳಿಬಿಡಲು ಎರಡು ತಂತಿ. ನೀರಿನ ಮೂಲಕ ದಾಟುವ ಕರೆಂಟ್ ಬಹಳ ಕಡಿಮೆ, ಬಜರಿಗೆ ಸಾಲದು. ಅಷ್ಟು ಕರೆಂಟ್ ಬೇಸ್ ಕಾಲಿಗೆ ಹೋದರೆ ಟ್ರಾನ್ಸಿಸ್ಟರ್ ಅದರ ನೂರು ಪಟ್ಟಿಗೂ ಹೆಚ್ಚನ್ನು ಬಜರಿನಲ್ಲಿ ಹರಿಯಗೊಡುತ್ತದೆ. ಒಂದು ಲೋಟ ನೀರಿನಲ್ಲಿ ತಂತಿ ಅದ್ದಿ ಅದು ಕೂಗಿದ್ದನ್ನು ಕೇಳಿದ ದಿನ, ಪುಸ್ತಕದಲ್ಲಿ ಹತ್ತು ಸಲ ಓದಿದ ಟ್ರಾನ್ಸಿಸ್ಟರ್ ನನಗೆ ಮೊದಲ ಬಾರಿ ಅರ್ಥವಾಯಿತು.

3. ಸರಳವಾದದ್ದು ಎಲ್ಲಿ ಸೋಲುತ್ತದೆ ಅಂತ ಕಣ್ಣಾರೆ ನೋಡಿ.
ಅದೇ ಸರ್ಕ್ಯೂಟನ್ನು ಟ್ಯಾಂಕಿಗೆ ಹಾಕಿದೆ. ಕೆಲವು ವಾರಗಳ ಮೇಲೆ ಕೂಗುವುದು ನಿಂತಿತು. ತಂತಿ ಎಳೆದು ನೋಡಿದರೆ ಪ್ಲಸ್ ಕಡೆಯ ತಾಮ್ರ ಹಸಿರುಗಟ್ಟಿ, ಸೂಜಿಯಂತೆ ಸವೆದಿತ್ತು. ಸರ್ಕ್ಯೂಟ್‌ನಲ್ಲಿ ತಪ್ಪಿರಲಿಲ್ಲ. ಡಿಸಿ ಕರೆಂಟ್ ಹಗಲೂ ರಾತ್ರಿ ನೀರಿನಲ್ಲಿ ಹರಿದರೆ ಪ್ಲಸ್ ತಂತಿ ಕರಗುತ್ತಾ ಹೋಗುತ್ತದೆ, ಇದು ಎಲೆಕ್ಟ್ರೋಲಿಸಿಸ್. ಕರಗಿದ ತಾಮ್ರ ಮನೆಯವರು ಬಳಸುವ ನೀರಿಗೇ ಸೇರುತ್ತದೆ ಎನ್ನುವುದು ಇನ್ನೂ ದೊಡ್ಡ ಚಿಂತೆ. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕಿದರೆ ಬಾಳಿಕೆ ಹೆಚ್ಚುತ್ತದೆ. ನಿಮಿಷಕ್ಕೊಮ್ಮೆ ಒಂದು ಕ್ಷಣ ಮಾತ್ರ ಕರೆಂಟ್ ಕೊಟ್ಟು ನೋಡಿದರೆ ಇನ್ನೂ ಹೆಚ್ಚು. ಆ 'ನಿಮಿಷಕ್ಕೊಮ್ಮೆ'ಗಾಗಿ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಚಿಪ್) ತಂದರೆ ಅದು ಶೋಕಿಯಲ್ಲ, ಕಾರಣ ಗೊತ್ತಿದ್ದು ತಂದದ್ದು.

4. ಸೆನ್ಸರ್ ಆರಿಸುವಾಗ ಡೇಟಾಶೀಟ್ ಜೊತೆ ನಿಮ್ಮ ಟ್ಯಾಂಕನ್ನೂ ಓದಿ.
ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಟ್ಯಾಂಕಿನ ಮುಚ್ಚಳದಲ್ಲಿ ಕೂತು 2 ಸೆಂಟಿಮೀಟರಿನಿಂದ 4 ಮೀಟರ್ ತನಕದ ದೂರ ಅಳೆಯುತ್ತದೆ, ಆದರೆ ಟ್ಯಾಂಕಿನೊಳಗಿನ ಹಬೆ ಅದಕ್ಕೆ ಆಗಿಬರುವುದಿಲ್ಲ. ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ತಂದರೆ ಅದಕ್ಕೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ತುಂಬಿದ ನೀರಿಗೂ ಮುಚ್ಚಳಕ್ಕೂ ನಡುವೆ ಅಷ್ಟು ಜಾಗ ಇಲ್ಲದಿದ್ದರೆ, ಟ್ಯಾಂಕ್ ತುಂಬಿದ ಹೊತ್ತಿಗೇ ಸೆನ್ಸರ್ ತಪ್ಪು ಹೇಳುತ್ತದೆ! ಒಂದು ಟೇಪ್ ಹಿಡಿದು ಮಾಳಿಗೆ ಹತ್ತಿ ಅಳೆದು ಬನ್ನಿ.

5. ಸರಳತೆ ಎಂದರೆ ಭಾಗಗಳ ಎಣಿಕೆಯಲ್ಲ.
555 ಟೈಮರ್ ಐಸಿ ನನಗೆ ತುಂಬಾ ಇಷ್ಟ. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿದ್ದು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಮೋಟರನ್ನು ಇಷ್ಟು ಹೊತ್ತಿಗಿಂತ ಹೆಚ್ಚು ಓಡಿಸಬೇಡ ಅನ್ನಲು ಅದನ್ನು ಬಳಸಬಹುದು: 10 ಲಕ್ಷ ಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಲೆಕ್ಕದಲ್ಲಿ ಸುಮಾರು 18 ನಿಮಿಷ. ಆದರೆ ಅಂಥ ಕೆಪಾಸಿಟರ್ ಶೇ. 20 ಹೆಚ್ಚುಕಡಿಮೆ ಇರುವುದು ಮಾಮೂಲು. 18 ಎಂದದ್ದು 15 ಆಗಬಹುದು, 22 ಆಗಬಹುದು. ಮೋಟರಿಗೆ ಅದು ನಡೆಯುತ್ತದೆ. 'ದಿನಾ ಬೆಳಿಗ್ಗೆ 6ಕ್ಕೆ ಗಿಡಗಳಿಗೆ ನೀರು' ಎನ್ನುವುದಕ್ಕೆ ನಡೆಯುವುದಿಲ್ಲ. ಅಲ್ಲಿ ಒಂದು ಆರ್ಡುಯಿನೊ ಮೈಕ್ರೋಕಂಟ್ರೋಲರ್ ಬೋರ್ಡ್ ಜೊತೆ ಡಿಎಸ್3231 ಗಡಿಯಾರ ಮಾಡ್ಯೂಲ್ ಇಡಿ. ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಿದರೆ ಹೆಚ್ಚು, ಕರೆಂಟ್ ಹೋದರೂ ನಾಣ್ಯದಂಥ ಸೆಲ್ ಮೇಲೆ ಸಮಯ ಕಾಯ್ದುಕೊಳ್ಳುತ್ತದೆ. ಅದೇ ಕೆಲಸವನ್ನು ಹಟಕ್ಕೆ ಬಿದ್ದು 555ಗಳಲ್ಲಿ ಕಟ್ಟಿದರೆ ಅದೇ ನಿಜವಾದ ಜಟಿಲ ಸರ್ಕ್ಯೂಟ್.

6. 230 ವೋಲ್ಟ್ ಬಂದ ಕಡೆ ಉಳಿತಾಯ ಬೇಡ.
ವೈಫೈ ಬೋರ್ಡಿನ ಮಾತು ಕೇಳಿ ಮೋಟರ್ ಆನ್-ಆಫ್ ಮಾಡುವ ರಿಲೇ ಮಾಡ್ಯೂಲಿನ ಮೇಲೆ 10 ಆಂಪಿಯರ್ ಎಂದಿರುತ್ತದೆ, 1 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಅದಕ್ಕಿಂತ ಕಡಿಮೆ, ಆದ್ದರಿಂದ ಸಾಕು ಎಂದುಕೊಂಡಿದ್ದೆ. ಆದರೆ ಮೋಟರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ದಿನ ಬೋರ್ಡ್ 'ಆಫ್' ಎಂದು ಹೇಳಿದರೂ ಮೋಟರ್ ಓಡುತ್ತಲೇ ಇತ್ತು, ನೀರು ಮೆಟ್ಟಿಲಿಳಿದು ಬರುತ್ತಿತ್ತು. ಆ ನೀಲಿ ರಿಲೇ ಒಡೆದು ನೋಡಿದಾಗ ಒಳಗಿನ ಎರಡು ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿದ್ದವು. ಸಣ್ಣ ರಿಲೇ ಕಾಂಟ್ಯಾಕ್ಟರನ್ನು (ಮೋಟರಿನಂಥ ಭಾರಕ್ಕೆಂದೇ ಇರುವ ದೊಡ್ಡ ರಿಲೇ) ನಡೆಸಲಿ, ಕಾಂಟ್ಯಾಕ್ಟರ್ ಮೋಟರನ್ನು ನಡೆಸಲಿ. 24 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ ಕೊಂಡರೆ ಟ್ಯಾಂಕಿನ ಫ್ಲೋಟ್ ಸ್ವಿಚ್ಚಿಗೆ ಹೋಗುವ ವೈರಿನಲ್ಲಿ 230 ವೋಲ್ಟ್ ಇರುವುದೇ ಇಲ್ಲ. ಮೇನ್ಸ್ ಕಡೆಯ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ.

7. ಒಂದು ಸಲಕ್ಕೆ ಒಂದೇ ಬದಲಾವಣೆ.
ಸೆನ್ಸರ್ ಮತ್ತು ಕೋಡ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ತಿಳಿಯುವುದಿಲ್ಲ. ಕೆಲಸ ಮಾಡಿದ ಸರ್ಕ್ಯೂಟಿನ ಚಿತ್ರ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.

8. ಜಟಿಲವಾದದ್ದರ ಅಡಿಯಲ್ಲಿ ಸರಳವಾದದ್ದನ್ನು ಉಳಿಸಿಕೊಳ್ಳಿ.
ಈಗ ನಮ್ಮ ಮನೆಯಲ್ಲಿ ವೈಫೈ ಬೋರ್ಡ್ ಇದೆ, ಮೊಬೈಲಿನಲ್ಲಿ ನೀರಿನ ಮಟ್ಟ ಕಾಣುತ್ತದೆ. ಆದರೂ ಕಾಂಟ್ಯಾಕ್ಟರ್ ಕಾಯಿಲಿಗೆ ಹೋಗುವ ದಾರಿಯಲ್ಲಿ ಬೋರ್ಡಿನ ರಿಲೇ ಜೊತೆ ಸರಣಿಯಲ್ಲಿ ಹಳೆಯ ಫ್ಲೋಟ್ ಸ್ವಿಚ್ಚೂ ಇದೆ. ಮಟ್ಟ ಅಳೆದು ಮೋಟರ್ ಆನ್ ಮಾಡುವುದು ಬೋರ್ಡಿನ ಕೆಲಸ, ನಿಲ್ಲಿಸಲು ಮಾತ್ರ ಇಬ್ಬರಿಗೂ ಹಕ್ಕು. ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ಬೋರ್ಡ್ ಸುಮ್ಮನಾದ ದಿನಗಳಲ್ಲೂ ಟ್ಯಾಂಕಿನೊಳಗೆ ಬುರುಡೆ ವಾಲುತ್ತದೆ, ಗುಂಡು ಉರುಳುತ್ತದೆ, ಕೆಳಗೆ ಕಾಂಟ್ಯಾಕ್ಟರ್ 'ಟಕ್' ಎನ್ನುತ್ತದೆ.