ಗಾಳಿಗೆ ಹಾರುವ ಮಣ್ಣನ್ನು ಹೊಲದಲ್ಲೇ ಉಳಿಸುವುದು

ಆಷಾಢದ ಗಾಳಿಗೆ ಉತ್ತು ಬಿಟ್ಟ ಬರಿ ಹೊಲದಿಂದ ಕೆಂಧೂಳು ಏಳುವುದನ್ನು ಎಲ್ಲ ರೈತರೂ ಕಂಡಿರುತ್ತಾರೆ. ದಾರಿಹೋಕರಿಗೆ ಅದು ಬರಿಯ ಧೂಳು; ರೈತನಿಗೆ ಹೊಲದ ಸಾರ. ಗಾಳಿಯು ಮೊದಲು ಹೊತ್ತೊಯ್ಯುವುದು ನಯವಾದ ಮಣ್ಣನ್ನು ಮತ್ತು ಸಾವಯವ ಅಂಶವನ್ನು. ಹಿಂದೆ ಉಳಿಯುವುದು ಮರಳು, ಗರಸು.

ಬೆಂಗಳೂರು ದಕ್ಷಿಣದ ಉತ್ತರಹಳ್ಳಿ ರಾಗಿ, ಅವರೆ ಬೆಳೆಯುತ್ತಿದ್ದ ಕೆಂಪು ಮಣ್ಣಿನ ಸೀಮೆ. ಇಂದು ಆ ಊರು ಬಡಾವಣೆಗಳ ನಡುವೆ ಸೇರಿಹೋಗಿದೆ. ಆದರೆ ಅಂಥದೇ ಮಣ್ಣಿನ ಹೊಲಗಳಲ್ಲಿ ಈ ಸಮಸ್ಯೆ ಹಾಗೆಯೇ ಇದೆ.

ಮಣ್ಣು ಚಲಿಸುವ ಬಗೆ

ಅತಿ ನಯವಾದ ಕಣಗಳು ಮೇಲಕ್ಕೆದ್ದು ದೂರ ಹೋಗುತ್ತವೆ. ಸುಮಾರು 0.1ರಿಂದ 0.5 ಮಿ.ಮೀ. ಗಾತ್ರದವು ನೆಗೆನೆಗೆದು ಸಾಗಿ, ಬಿದ್ದಲ್ಲಿ ಇತರ ಕಣಗಳನ್ನೂ ಎಬ್ಬಿಸುತ್ತವೆ. ಅದಕ್ಕೂ ದಪ್ಪನೆಯವು ನೆಲದ ಮೇಲೆ ಉರುಳುತ್ತವೆ. ಗಾಳಿಯ ವೇಗ ಎರಡರಷ್ಟಾದರೆ ಮಣ್ಣು ಸಾಗಿಸುವ ಶಕ್ತಿ ಸುಮಾರು ಎಂಟರಷ್ಟಾಗುತ್ತದೆ.

ಕಾವೇರಿ ದಡದ ತಲಕಾಡಿನಲ್ಲಿ ಹೊಳೆಯ ಮರಳು ಗಾಳಿಗೆ ಹಾರಿ ದಿಬ್ಬಗಳಾಗಿ ದೇವಾಲಯಗಳನ್ನೇ ಮುಚ್ಚಿತು. ಅಮೆರಿಕದ ಬಯಲು ಸೀಮೆಯಲ್ಲಿ ಹುಲ್ಲುಗಾವಲು ಉತ್ತ ನೆಲ ಬರಗಾಲದಲ್ಲಿ ಧೂಳಾಗಿ, 1935ರ ಏಪ್ರಿಲ್ 14ರಂದು ಹಗಲೇ ಕತ್ತಲಾಯಿತು.

ತಡೆಯುವ ಕ್ರಮಗಳು

1. ಮಳೆಗೆ ಮುನ್ನ ಮಣ್ಣನ್ನು ಪುಡಿ ಮಾಡಬಾರದು. ಹೆಂಟೆಗಳು ಇರಲಿ. ಗಾಳಿಗೆ ಅಡ್ಡಲಾಗಿ ಉಳಬೇಕು.

2. ಕೊಯ್ಲಾದ ಮೇಲೆ ಕೂಳೆಯನ್ನು ಕೀಳದೆ ಬಿಡಬೇಕು. ಕೊಟ್ಟಿಗೆ ಗೊಬ್ಬರ ಹಾಕಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

3. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ, ಹೊಲದ ಪಶ್ಚಿಮ ಬದುವಿನ ಮೇಲೆ ಉತ್ತರ-ದಕ್ಷಿಣವಾಗಿ ಸರ್ವೆ, ಸಿಲ್ವರ್ ಓಕ್, ಗ್ಲಿರಿಸಿಡಿಯಾ ಗಿಡಗಳನ್ನು ನೆಡಬೇಕು. ಮರಗಳ ಎತ್ತರದ 10ರಿಂದ 15ರಷ್ಟು ದೂರದವರೆಗೆ ಗಾಳಿಯ ಬಿರುಸು ತಗ್ಗುತ್ತದೆ. 6 ಮೀಟರ್ ಎತ್ತರದ ಸಾಲು 60ರಿಂದ 90 ಮೀಟರ್ ಹೊಲವನ್ನು ಕಾಯುತ್ತದೆ. ಗೋಡೆಯಂತೆ ದಟ್ಟವಾಗಿದ್ದರೆ ಗಾಳಿ ಮೇಲೇರಿ ಆಚೆ ಸುಳಿಯಾಗಿ ಬೀಳುತ್ತದೆ. ಆದ್ದರಿಂದ ಅರ್ಧದಷ್ಟು ಗಾಳಿ ನುಸುಳುವಂತಿರಬೇಕು.

4. ಮರದ ಬೇರು ಬೆಳೆಯ ನೀರನ್ನು ಹೀರದಂತೆ ಸಾಲಿನ ಪಕ್ಕದಲ್ಲಿ ಎರಡಡಿ ಆಳದ ಕಾಲುವೆ ತೆಗೆಯಬೇಕು.

ರಸ್ತೆಯ ಮೇಲೆ

ಹೆದ್ದಾರಿಗೆ ಹೊಂದಿದ ಬರಿ ಹೊಲದ ಧೂಳು ಚಾಲಕನ ಕಣ್ಣು ಕಟ್ಟುತ್ತದೆ. ರಾಜಸ್ಥಾನದ ಮರುಭೂಮಿಯಲ್ಲಿ ರಸ್ತೆಯ ಬದಿಗೂ ಮರಸಾಲು ಬೆಳೆಸಿದ್ದಾರೆ. ಟ್ರ್ಯಾಕ್ಟರಿನಲ್ಲಿ ಹೋಗುವಾಗ ದಾರಿ ಕಾಣದಷ್ಟು ಧೂಳು ಎದ್ದರೆ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬೇಕು. ರಸ್ತೆಯ ಅಂಚಿನಲ್ಲಿ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ.

ಮೇಲ್ಮಣ್ಣು ಒಂದು ಅಂಗುಲ ಕೂಡಲು ನೂರಾರು ವರ್ಷ ಬೇಕು. ಗಿಡ ನೆಡಲು ಒಂದು ಮಳೆಗಾಲ ಸಾಕು.